ಇಸ್ಪೀಟು ಪಾಪ, ಗುಲಾಮಗಿರಿ ಪುಣ್ಯ

1861ರಿಂದ 1865ರವರೆಗೆ, ಅಮೆರಿಕದ ಅಂತರ್ಯುದ್ಧ ನಡೆದಷ್ಟು ಕಾಲ, ದೇವರಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಉತ್ತರದವರದೂ ಅದೇ ಬೈಬಲ್, ದಕ್ಷಿಣದವರದೂ ಅದೇ ಬೈಬಲ್. ಇಬ್ಬರೂ ಮಂಡಿಯೂರಿ ಬೇಡಿದ್ದು ಒಂದೇ ವರ: ಎದುರಿನವನು ಹಾಳಾಗಲಿ. 1863ರ ಏಪ್ರಿಲ್ 30ರಂದು ಅಧ್ಯಕ್ಷ ಲಿಂಕನ್ ಕರೆಗೆ ಓಗೊಟ್ಟು ಉತ್ತರದವರು ಉಪವಾಸವಿದ್ದು ಪ್ರಾರ್ಥಿಸಿದರು. ಒಂದೇ ವಾರದಲ್ಲಿ ಚಾನ್ಸೆಲರ್ಸ್‌ವಿಲ್‌ನಲ್ಲಿ ಮಣ್ಣುಮುಕ್ಕಿದರು. ಆಗಸ್ಟ್ 21ರಂದು ಉಪವಾಸದ ಸರದಿ ದಕ್ಷಿಣದವರದು. ಚಟನೂಗಾದ ಜನ ಚರ್ಚಿನಲ್ಲಿ ಕೈಮುಗಿದು ಕೂತಿದ್ದಾಗಲೇ ನದಿಯಾಚೆಯಿಂದ ಉತ್ತರದ ಫಿರಂಗಿ ಗುಂಡುಗಳು ಬಂದು ಬಿದ್ದವು. ಒಟ್ಟಿನಲ್ಲಿ ಹೊಟ್ಟೆ ಖಾಲಿಯಾದದ್ದು ಎರಡೂ ಕಡೆ.

ಭಕ್ತಿಗೂ ಸೋಲಿಗೂ ಹಳೇ ನಂಟು. ಆ ಜುಲೈನಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಏಟು ತಿಂದು ಬಂದ ದಕ್ಷಿಣದ ಸೇನೆ ವರ್ಜೀನಿಯಾದ ರ‍್ಯಾಪಿಡಾನ್ ನದಿಯ ದಂಡೆಯಲ್ಲಿ ಚಳಿಗಾಲಕ್ಕೆ ಬೀಡುಬಿಟ್ಟಾಗ ಅಲ್ಲಿ ಭಕ್ತಿಯ ನೆರೆಯೇ ಬಂತು. ಸೈನಿಕರೇ ಮರ ಕಡಿದು ದಿಮ್ಮಿ ಜೋಡಿಸಿ ಪ್ರಾರ್ಥನಾ ಮಂದಿರಗಳನ್ನು ಕಟ್ಟಿದರು. ಮಂಜುಗಡ್ಡೆ ಒಡೆದು, ಆ ಕೊರೆಯುವ ನೀರಲ್ಲಿ ಮುಳುಗೆದ್ದು ದೀಕ್ಷಾಸ್ನಾನ ಪಡೆದರು. ಯುದ್ಧ ಮುಗಿಯುವ ಹೊತ್ತಿಗೆ ದಕ್ಷಿಣದ ಸೇನೆಗಳಲ್ಲಿ ಹೀಗೆ ಮನಸ್ಸು ತಿರುಗಿದವರು ಒಂದು ಲಕ್ಷಕ್ಕೂ ಹೆಚ್ಚು ಎಂದು ಪಾದ್ರಿಗಳು ಲೆಕ್ಕ ಕೊಟ್ಟರು.

ಆ ಹುಡುಗರನ್ನು ನೋಡಿ ನಗಲಾಗದು. ಗುಂಡಿಗಿಂತ ಭೇದಿ, ಜ್ವರಗಳೇ ಹೆಚ್ಚು ಜನರನ್ನು ನುಂಗುತ್ತಿದ್ದ ಪಾಳೆಯದಲ್ಲಿ, ನಿನ್ನೆ ಪಕ್ಕದಲ್ಲಿ ಮಲಗಿದ್ದವನು ಇವತ್ತು ಇಲ್ಲವಾದರೆ ಯಾರಿಗೆ ದೇವರು ನೆನಪಾಗುವುದಿಲ್ಲ? ಯುದ್ಧಕ್ಕೆ ಹೊರಟ ದಾರಿಯುದ್ದಕ್ಕೂ ಸೈನಿಕರು ಎಸೆದ ಇಸ್ಪೀಟಿನ ರಾಜ, ರಾಣಿ, ಗುಲಾಮರು ಧೂಳಿನಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತಿದ್ದರು. ಸತ್ತ ಮೇಲೆ ಜೇಬಿನಲ್ಲಿ ಇಸ್ಪೀಟು ಕಟ್ಟು ಸಿಕ್ಕಿತೆಂದು ಅಮ್ಮನಿಗೆ ಗೊತ್ತಾದರೆ? ಬದುಕಿ ಬಂದವರಲ್ಲಿ ಕೆಲವರು ಮರುದಿನವೇ ಹೊಸ ಕಟ್ಟು ಹುಡುಕಿದರಂತೆ. ಮನುಷ್ಯಸಹಜ.

ನಗು ಬರುವುದು ಪಾದ್ರಿಗಳು ತಂದಿದ್ದ ಪಾಪಗಳ ಪಟ್ಟಿ ನೋಡಿದಾಗ. ಬೈಗುಳ ಪಾಪ. ಹೆಂಡ ಪಾಪ. ಇಸ್ಪೀಟು ಪಾಪ. ಭಾನುವಾರವನ್ನು ಕಡೆಗಣಿಸುವುದು ಮಹಾಪಾಪ. ಇವುಗಳ ಮೇಲೆ ರಾಶಿ ರಾಶಿ ಕರಪತ್ರ ಅಚ್ಚಾಗಿ ಪಾಳೆಯಕ್ಕೆ ಬಂದವು. ಪ್ರಾರ್ಥನೆ ಮುಗಿಸಿ, ಕಣ್ಣೊರೆಸಿಕೊಂಡು ಬಿಡಾರಕ್ಕೆ ಮರಳಿದ ಅಧಿಕಾರಿಗೆ ಮೆಕ್ಕೆಜೋಳದ ರೊಟ್ಟಿ ಬೇಯಿಸಿ, ಕುದುರೆಗೆ ಹುಲ್ಲು ಹಾಕಿ ಕಾದಿರುತ್ತಿದ್ದವನು ಆ ಅಧಿಕಾರಿಯೇ ಊರಿನಿಂದ ಕರೆತಂದ ಗುಲಾಮ. ಅವನ ವಿಷಯ ಪಟ್ಟಿಯಲ್ಲಿರಲಿಲ್ಲ. ಇದ್ದಿದ್ದರೂ ಅವನು ಓದುವಂತಿರಲಿಲ್ಲ. ಕಪ್ಪು ಜನರನ್ನು ಸೇರಿಸಿ ಓದು ಕಲಿಸುವುದು ವರ್ಜೀನಿಯಾದಲ್ಲಿ ಆಗ ಕಾನೂನಿಗೆ ವಿರುದ್ಧವಾಗಿತ್ತು. ಸೈನಿಕ ಬೈದರೆ ದೇವರಿಗೆ ಕೋಪ. ಮನುಷ್ಯನನ್ನು ಹರಾಜು ಹಾಕಿದರೆ ಅದು ದೇವರೇ ವಹಿಸಿದ ಹೊಣೆ. 1860ರ ನವೆಂಬರಿನಲ್ಲಿ ನ್ಯೂ ಆರ್ಲಿಯನ್ಸ್‌ನ ಪಾದ್ರಿ ಬೆಂಜಮಿನ್ ಪಾಮರ್ ಪೀಠದ ಮೇಲೆ ನಿಂತು ಹೆಚ್ಚುಕಡಿಮೆ ಹಾಗೆಯೇ ಬೋಧಿಸಿದ್ದ. ಚಟನೂಗಾದಲ್ಲಿ ಗುಂಡು ಬಿದ್ದಾಗ ಪ್ರಾರ್ಥನೆ ನಡೆಸುತ್ತಿದ್ದವನೂ ಇವನೇ.

ದೊಡ್ಡವರ ಭಕ್ತಿ ಇನ್ನೂ ದೊಡ್ಡದು. ಪಾದ್ರಿಯೂ ಆಗಿದ್ದ ಫಿರಂಗಿದಳದ ಮುಖ್ಯಸ್ಥ ಪೆಂಡಲ್ಟನ್‌ನ ಮೊದಲ ದಳದ ನಾಲ್ಕು ಫಿರಂಗಿಗಳ ಹೆಸರು ಮತ್ತಾಯ, ಮಾರ್ಕ, ಲೂಕ, ಯೋಹಾನ. ಸುವಾರ್ತೆ ಅಷ್ಟು ದೂರ ತಲುಪಿದ್ದು ಅದೇ ಮೊದಲಿರಬೇಕು. ಜನರಲ್ ಸ್ಟೋನ್‌ವಾಲ್ ಜಾಕ್ಸನ್, ಭಾನುವಾರ ದಾರಿಯಲ್ಲಿರಬೇಕಾದ ಕಾಗದವನ್ನು ಅಂಚೆಗೇ ಹಾಕುತ್ತಿರಲಿಲ್ಲ. ಆದರೆ 1862ರ ಮಾರ್ಚ್ 23ರಂದು ಕರ್ನ್ಸ್‌ಟೌನ್‌ನಲ್ಲಿ ಅವನು ದಾಳಿ ಮಾಡಿದ್ದು ಭಾನುವಾರವೇ. ಅದಕ್ಕಾಗಿ ನೊಂದುಕೊಂಡು ಹೆಂಡತಿಗೆ ಕಾಗದ ಬರೆದ. ಅಂಚೆಯವನಿಗೆ ರಜೆ, ಯಮನಿಗೆ ಓವರ್‌ಟೈಮ್. ಇದೇ ಜಾಕ್ಸನ್ ತನ್ನೂರು ಲೆಕ್ಸಿಂಗ್ಟನ್‌ನಲ್ಲಿ ಕಪ್ಪು ಜನರಿಗಾಗಿ ಭಾನುವಾರದ ಬೈಬಲ್ ಶಾಲೆ ನಡೆಸುತ್ತಿದ್ದ. ಬುಲ್ ರನ್ ಯುದ್ಧದ ಸುದ್ದಿಗಾಗಿ ಕಾದಿದ್ದ ಆ ಊರಿಗೆ ಅವನಿಂದ ಬಂದ ಕಾಗದದಲ್ಲಿ ಇದ್ದದ್ದು ಶಾಲೆಯ ವಂತಿಗೆ. ಕಪ್ಪು ಜನರ ಆತ್ಮಕ್ಕೆ ಚಂದಾ, ಅವರ ಮೈ ಯಜಮಾನನದಾಗಿಯೇ ಉಳಿಯಲೆಂದು ಯುದ್ಧ!

ಇನ್ನು ಲಿಯೊನಿಡಸ್ ಪೋಕ್. ಲೂಸಿಯಾನಾದ ಬಿಷಪ್, ಕಬ್ಬಿನ ತೋಟದಲ್ಲಿ ನೂರಾರು ಗುಲಾಮರನ್ನು ದುಡಿಸಿದ್ದ ಧಣಿ, ಯುದ್ಧದಲ್ಲಿ ದಕ್ಷಿಣದ ಸೇನೆಯ ಜನರಲ್. 1864ರ ಮೇ ತಿಂಗಳಲ್ಲಿ ಸಹ ಜನರಲ್‌ಗಳಾದ ಹುಡ್ ಮತ್ತು ಜಾನ್‌ಸ್ಟನ್‌ಗೆ ದೀಕ್ಷಾಸ್ನಾನ ಮಾಡಿಸಿದ. ಜೂನ್ 14ರಂದು ಪೈನ್ ಮೌಂಟನ್ ಮೇಲೆ ಫಿರಂಗಿ ಗುಂಡು ಅವನ ಮೈಯನ್ನೇ ಸೀಳಿತು. ಜೇಬಿನಲ್ಲಿ ಸಿಕ್ಕಿದ್ದು ಗೆಳೆಯರ ಹೆಸರು ಬರೆದಿಟ್ಟಿದ್ದ, ರಕ್ತದಲ್ಲಿ ನೆಂದ ಭಕ್ತಿಪುಸ್ತಕಗಳು, ಇಸ್ಪೀಟು ಕಟ್ಟಲ್ಲ. ಪಟ್ಟಿಯ ಪ್ರಕಾರ ನಿಷ್ಕಳಂಕ ಸಾವು.

ಇಷ್ಟಾದರೂ ದಕ್ಷಿಣದವರು ಸೋತರು. ಅದಕ್ಕೂ ಉತ್ತರ ತಯಾರಿತ್ತು: ಗೆದ್ದರೆ ದೇವರು ನಮ್ಮ ಪಕ್ಷ, ಸೋತರೆ, ಪ್ರೀತಿ ಹೆಚ್ಚಾಗಿ ನಮ್ಮನ್ನು ತಿದ್ದುತ್ತಿದ್ದಾನೆ. ಪಾದ್ರಿ ಜೆ. ವಿಲಿಯಂ ಜೋನ್ಸ್ 1887ರಲ್ಲಿ ಪಾಳೆಯದ ಭಕ್ತಿಯ ಬಗ್ಗೆ ದಪ್ಪ ಪುಸ್ತಕವನ್ನೇ ತಂದ. ಕದನದಲ್ಲಿ ಸೋತ ಸೇನೆ ಪುಟಗಳಲ್ಲಿ ಪುಣ್ಯವಂತರ ಸೇನೆಯಾಗಿ ಗೆದ್ದಿತು.

ಅತ್ತ ಉತ್ತರದ ಸೇನೆ ಸೇರಿದ ಸುಮಾರು 1,80,000 ಕಪ್ಪು ಸೈನಿಕರ ಬಿಡಾರಗಳಲ್ಲೂ ಪ್ರಾರ್ಥನೆ ನಡೆಯುತ್ತಿತ್ತು. ರಾತ್ರಿ ಚಪ್ಪಾಳೆ ತಟ್ಟಿ, ವೃತ್ತದಲ್ಲಿ ಸುತ್ತುತ್ತ ಹಾಡುತ್ತಿದ್ದ ಅವರಿಗೆ ಇಷ್ಟವಾದದ್ದು ಗುಲಾಮರ ಬಿಡುಗಡೆಯ ಕಥೆ ಹೇಳುವ ವಿಮೋಚನಕಾಂಡ. ಅದೇ ಬೈಬಲಿನಲ್ಲಿ ಆ ಭಾಗವೂ ಇದೆ ಎಂಬುದು ದಕ್ಷಿಣದ ಪಾದ್ರಿಗಳಿಗೆ ಗೊತ್ತಿರಲಿಲ್ಲವೆಂದಲ್ಲ, ಸಮಯ ಸಾಲಲಿಲ್ಲ. ಇಸ್ಪೀಟಿನ ಮೇಲೆ ಮಾತಾಡುವುದೇ ಬಹಳವಿತ್ತು. ಅಲ್ಲಿಯವರೆಗೆ ಬಿಳಿಯರ ಚರ್ಚುಗಳ ಹಿಂದಿನ ಸಾಲಿನಲ್ಲೋ ಮೇಲಿನ ಅಟ್ಟಣೆಯಲ್ಲೋ ಕೂತು ಉಪದೇಶ ಕೇಳಿದ್ದ ಕಪ್ಪು ಜನ 1865ರ ನಂತರ ತಂಡತಂಡವಾಗಿ ಎದ್ದು ಹೊರಟು ತಮ್ಮದೇ ಚರ್ಚುಗಳನ್ನು ಕಟ್ಟಿಕೊಂಡರು. ಆ ಪಾದ್ರಿಗಳ ಉಪದೇಶ ಹೇಗಿತ್ತೆಂದು ಯಾರಾದರೂ ಕೇಳಿದರೆ, ಅವರು ಎದ್ದು ಹೊರಟದ್ದನ್ನೇ ತೋರಿಸಬಹುದು.