ಜೀಪಿನ ಸಂಧಿಪ್ರಕರಣ

ಕನ್ನಡಿಗರು ಜೀಪಿಗೆ ಮಾಡಿದ ಮೊಟ್ಟಮೊದಲ ಮಾರ್ಪಾಡು ಅದರ ಬಾಲಕ್ಕೊಂದು ಉಕಾರ ಸಿಕ್ಕಿಸಿದ್ದು. 'ಜೀಪ್' ಎಂದು ಗಕ್ಕನೆ ನಿಂತುಬಿಡುತ್ತಿದ್ದ ಪದ 'ಜೀಪು' ಆಗಿ ಮುಂದಕ್ಕೆ ಉರುಳಿತು. ವಿಭಕ್ತಿ ಪ್ರತ್ಯಯಗಳೆಂಬ ಟ್ರೈಲರುಗಳನ್ನು ಎಳೆಯಲು ಹಿಂದೊಂದು ಕೊಕ್ಕೆ ಬೇಕಷ್ಟೆ. ಆ ಕೊಕ್ಕೆಯೇ ಈ ಉಕಾರ. ಇದಕ್ಕೆ ವೆಲ್ಡಿಂಗ್ ಬೇಕಾಗಲಿಲ್ಲ, ಆರ್‌ಟಿಓ ಕಚೇರಿಯ ಮೆಟ್ಟಿಲು ಹತ್ತಬೇಕಾಗಲಿಲ್ಲ. ಅಲ್ಲಿಂದೀಚೆಗೆ ಮಲೆನಾಡು ಮತ್ತು ಕೊಡಗಿನಲ್ಲಿ ಈ ವಾಹನದ ಮೇಲೆ ನಡೆದಿರುವ ಸಕಲ ಪ್ರಯೋಗಗಳೂ ಕೇಶಿರಾಜ 13ನೇ ಶತಮಾನದ ತನ್ನ 'ಶಬ್ದಮಣಿದರ್ಪಣ'ದಲ್ಲಿ ವಿವರಿಸಿದ ಲೋಪ, ಆಗಮ, ಆದೇಶಗಳೊಳಗೇ ಅಡಗುತ್ತವೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಕೇಶಿರಾಜ ಜೀಪು ಕಂಡವನಲ್ಲ ಎಂಬ ಆಕ್ಷೇಪವನ್ನು ಇಲ್ಲಿಯೇ ತಳ್ಳಿಹಾಕಲಾಗಿದೆ. ಜೀಪು ಕಟ್ಟಿದವರೂ ಕೇಶಿರಾಜನನ್ನು ಓದಿದವರಲ್ಲ. ಲೆಕ್ಕ ಚುಕ್ತಾ.

ಮೊದಲು ಪದನಿಷ್ಪತ್ತಿ. ಒಂದು ಪಂಥದ ಪ್ರಕಾರ 'ಜನರಲ್ ಪರ್ಪಸ್' ಎಂಬುದರ ಜಿ ಮತ್ತು ಪಿ ಅಕ್ಷರಗಳನ್ನು ಅವಸರದಲ್ಲಿ ಉಚ್ಚರಿಸಿದರೆ ಜೀಪು. ಪ್ರತಿಪಕ್ಷದವರು ಬಿಡುವುದಿಲ್ಲ. ಫೋರ್ಡ್ ಕಂಪನಿಯ 'ಜಿಪಿಡಬ್ಲ್ಯು' ಸಂಕೇತದಲ್ಲಿ ಜಿ ಎಂದರೆ ಸರ್ಕಾರಿ ಗುತ್ತಿಗೆ, ಪಿ ಎಂದರೆ 80 ಇಂಚಿನ ಗಾಲಿ ಅಂತರ. ಅದರಲ್ಲಿ ಜನರಲ್ ಎಲ್ಲಿದ್ದಾನೆ, ಪರ್ಪಸ್ ಎಲ್ಲಿದೆ ಎಂದು ಕೇಳುತ್ತಾರೆ. ಪೊಪೈ ಕಾಮಿಕ್ಸಿನಲ್ಲಿ 1936ರಲ್ಲೇ 'ಯೂಜೀನ್ ದ ಜೀಪ್' ಎಂಬ ವಿಚಿತ್ರ ಪ್ರಾಣಿಯೊಂದು ಕಾಣಿಸಿಕೊಂಡಿತ್ತು ಎಂಬುದು ಮೂರನೆಯವರ ವಾದ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಸ್ಟಾರ್ಟ್ ಆಗದೆ ನಿಂತ ಜೀಪಿನ ಮಾಲೀಕರ ಬಾಯಲ್ಲಿ ಹೊರಡುವ ನಿಷ್ಪತ್ತಿಗಳು ಬೇರೆಯೇ ಇವೆ. ಅವು ಮುದ್ರಣಯೋಗ್ಯವಲ್ಲ.

ಇನ್ನು ಮೂಲಪಾಠ. ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ ತಯಾರಾದ ವಿಲ್ಲಿಸ್ ಎಂಬಿಗೆ 60 ಅಶ್ವಶಕ್ತಿಯ 'ಗೋ ಡೆವಿಲ್' ಪೆಟ್ರೋಲ್ ಎಂಜಿನ್ ಇತ್ತು, ಆರು ವೋಲ್ಟಿನ ಬ್ಯಾಟರಿ ಇತ್ತು, ಬಾಗಿಲು ಮಾತ್ರ ಇರಲಿಲ್ಲ. ನಮ್ಮ ಕಡೆ ಜೀಪೆಂದರೆ ಕಣ್ಣಿಗೆ ಕಟ್ಟುವ, ಬಾನೆಟ್ಟು ಎದ್ದುನಿಂತ ಮುಖ 1953ರ ಸಿಜೆ-3ಬಿಯದು. ಆ ಬಾನೆಟ್ಟು ಗತ್ತಿಗಾಗಿ ಎದ್ದದ್ದಲ್ಲ. ಒಳಗಿನ 'ಹರಿಕೇನ್' ಎಂಜಿನ್ನಿನ ಇನ್‌ಟೇಕ್ ವಾಲ್ವುಗಳು ತಲೆಯ ಮೇಲೆ ಏರಿ ಕೂತಿದ್ದರಿಂದ ಮುಚ್ಚಳವನ್ನೂ ಎತ್ತಬೇಕಾಯಿತು. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಿನಿಂದ ಉಕ್ಕಿನ ವ್ಯಾಪಾರಕ್ಕಿಳಿದ ಸಂಸ್ಥೆ 1947ರ ಹೊತ್ತಿಗೆ ವಿಲ್ಲಿಸ್ ಜೀಪುಗಳ ಜೋಡಣೆಗೆ ಕೈಹಾಕಿತು. ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾಗಿ ಹೋದ ಮೇಲೆ 1948ರಲ್ಲಿ ಅದು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಇದೂ ಒಂದು ಆದೇಶವೇ. ಮ ಇದ್ದ ಜಾಗಕ್ಕೆ ಮ ಬಂತು. ಅಮೆರಿಕದಲ್ಲಿ 1968ಕ್ಕೇ ನಿಂತುಹೋದ ಸಿಜೆ-3ಬಿಯ ವಂಶ ಇಲ್ಲಿ ದಶಕಗಟ್ಟಲೆ ಬೆಳೆಯಿತು. 'ಎಂಎಂ 540', 'ಮೇಜರ್' ಎಂದೆಲ್ಲ ಹೆಸರು ಬದಲಿಸಿಕೊಂಡು 2010ರಲ್ಲಿ 'ಥಾರ್' ಎನಿಸಿಕೊಂಡಿತು.

ಲೋಪಸಂಧಿ ಸುಲಭ. ಊರು, ಇಂದ ಸೇರಿದರೆ 'ಊರಿಂದ'. ನಡುವಿನ ಉಕಾರ ಉದುರಿತು, ಯಾರಿಗೂ ನಷ್ಟವಿಲ್ಲ. ಹಾಗೆಯೇ ಎಸ್ಟೇಟ್ ಜೀಪಿನಲ್ಲಿ ಮೊದಲು ಬಾಗಿಲು ಉದುರುತ್ತದೆ, ಆಮೇಲೆ ಸ್ಪೀಡೋಮೀಟರಿನ ಮುಳ್ಳು, ಕಡೆಗೆ ಸೈಲೆನ್ಸರು. ಅರ್ಥ ಕೆಡದಿದ್ದರೆ ಮಾತ್ರ ಲೋಪ ಎಂಬುದು ವ್ಯಾಕರಣದ ನಿಯಮ. ಮಾಲೀಕರು ಈ 'ಅರ್ಥ'ವನ್ನು ದುಡ್ಡು ಎಂದು ತಿಳಿದಿರುವುದೇ ಎಷ್ಟೋ ಜೀಪುಗಳ ಹ್ಯಾಂಡ್‌ಬ್ರೇಕು ಲೋಪವಾಗಿ, ಆ ಜಾಗದಲ್ಲಿ ಒಂದು ಕಲ್ಲು ಸವಾರಿ ಹೋಗುತ್ತಿರುವುದಕ್ಕೆ ಕಾರಣ.

ಆಗಮಸಂಧಿಯಲ್ಲಿ ಇಲ್ಲದ್ದು ಬಂದು ಸೇರುತ್ತದೆ. ಮನೆ, ಅನ್ನು ಸೇರಿ 'ಮನೆಯನ್ನು' ಆಗುವಾಗ ಯಕಾರ ನುಸುಳುವಂತೆ, ಬೆಂಗಳೂರಿನ ಜೆ.ಸಿ. ರಸ್ತೆಗೆ ಒಮ್ಮೆ ಹೋಗಿಬಂದ ಜೀಪಿಗೆ ವಿಂಚು, ರೋಲ್ ಕೇಜು, ನೆತ್ತಿಯ ಮೇಲೊಂದು ಸಾಲು ದೀಪಗಳು ನುಸುಳುತ್ತವೆ. ಎಲ್ಲ ಆಗಮವೂ ಶೃಂಗಾರವಲ್ಲ. 1948ರಲ್ಲಿ ಅಮೆರಿಕದಲ್ಲಿ ಶುರುವಾದ ವಾರ್ನ್ ಕಂಪನಿ ಹೆಸರು ಮಾಡಿದ್ದೇ ಮುಂದಿನ ಗಾಲಿಗಳನ್ನು ಬೇಕೆಂದಾಗ ಆಕ್ಸಲ್ಲಿಗೆ ಕಟ್ಟಿ ಬೇಡವೆಂದಾಗ ಬಿಚ್ಚುವ ಲಾಕಿಂಗ್ ಹಬ್ಬಿನಿಂದ. ಟಾರು ರಸ್ತೆಯಲ್ಲಿ ಮುಂದಿನ ಆಕ್ಸಲ್ ಸುಮ್ಮನೆ ತಿರುಗಿ ಸವೆಯುವುದನ್ನು ಅದು ತಪ್ಪಿಸಿತು. ಬಂಪರಿನ ಮುಂದಿನ ಕಬ್ಬಿಣದ ಕಂಬಿಗಳ ವಿಷಯ ಬೇರೆ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಅವನ್ನು ತೆಗೆಸಲು ರಾಜ್ಯಗಳಿಗೆ ಬರೆಯಿತು. ಬಡಿದ ಪೆಟ್ಟನ್ನು ನೇರ ಚಾಸಿಗೆ ತಲುಪಿಸುವ ಆಗಮ ಅದು.

ಅತಿ ಜನಪ್ರಿಯ ಆಗಮವೆಂದರೆ ಎತ್ತರ. ಕಮಾನುಪಟ್ಟಿಗೆ ಉದ್ದದ ಶ್ಯಾಕಲ್ ಹಾಕಿಸಿ ಜೀಪನ್ನು ಎತ್ತಿಸಿದವರು ಒಂದು ವಾರ ಗತ್ತಿನಲ್ಲಿರುತ್ತಾರೆ. ಎಂಟನೆಯ ದಿನ ಸ್ಟೇರಿಂಗು ಮಲೇರಿಯಾ ಬಂದಂತೆ ನಡುಗುತ್ತದೆ, ಏಕೆಂದರೆ ಮುಂದಿನ ಆಕ್ಸಲ್ಲಿನ ವಾಲು ಬದಲಾಗಿದೆ. ಹದಿನೈದನೆಯ ದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋಗುತ್ತದೆ, ಏಕೆಂದರೆ ಅದು ತಿರುಗುವ ಕೋನ ಕಡಿದಾಗಿದೆ. 29 ಇಂಚಿನ ಟೈರಿನ ಜಾಗಕ್ಕೆ 33 ಇಂಚಿನದು ಬಂದರಂತೂ ಜೀಪಿನ ಹೆಮ್ಮೆಯ 5.38ರ ಆಕ್ಸಲ್ ಅನುಪಾತ ಲೆಕ್ಕಕ್ಕೆ 4.73ಕ್ಕೆ ಇಳಿಯುತ್ತದೆ. ನೋಡಲು ಆನೆ, ಎಳೆತಕ್ಕೆ ಆಡು.

ಈ ಶಾಸ್ತ್ರದ ಮುಕುಟಮಣಿ ಆದೇಶಸಂಧಿ. ಮಳೆ, ಕಾಲ ಸೇರಿ 'ಮಳೆಗಾಲ'. ಕಕಾರ ಎದ್ದುಹೋಗಿ ಗಕಾರ ಬಂದು ಕೂತಿತು. ಎಂದರೆ ಅಘೋಷ ಹೋಗಿ ಘೋಷ ಬಂತು. ಮೆಲುದನಿಯ ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಅಲ್ಲಿ ಡೀಸೆಲ್ ಎಂಜಿನ್ ಕೂರಿಸುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ವರ್ಕ್‌ಶಾಪ್ ಕೈಪಿಡಿಯೂ ವಿವರಿಸಿಲ್ಲ. ಆ ಘೋಷ ಮೂರು ಎಸ್ಟೇಟಿನಾಚೆಗೂ ಕೇಳಿಸುತ್ತದೆ. ಪೆಟ್ರೋಲ್ ದುಬಾರಿಯಾದಾಗ ಮಟಡೋರ್ ವ್ಯಾನಿನದೋ ಅಂಬಾಸಿಡರ್ ಕಾರಿನದೋ ಡೀಸೆಲ್ ಹೃದಯ ಜೀಪಿನ ಎದೆಗೂಡು ಸೇರಿತು. ಸೇನೆಯಿಂದ ಹರಾಜಾಗಿ ಬಂದ ಜೋಂಗಾಗಳಿಗೂ ಇದೇ ಚಿಕಿತ್ಸೆ ನಡೆಯಿತು. ನಿಸಾನ್ ಪ್ಯಾಟ್ರೋಲ್ ವಾಹನವನ್ನು ಆಧರಿಸಿದ ಈ ಜೋಂಗಾದ ಹೆಸರೇ ಒಂದು ಸಮಾಸ. ಜಬಲ್‌ಪುರ್ ಆರ್ಡ್‌ನೆನ್ಸ್ ಅಂಡ್ ಗನ್ ಕ್ಯಾರೇಜ್ ಅಸೆಂಬ್ಲಿ ಎಂಬುದರ ಮೊದಲಕ್ಷರಗಳ ಸಮಾಸ. ಸುಮಾರು 4 ಲೀಟರಿನ ಆರು ಸಿಲಿಂಡರ್ ಎಂಜಿನ್ನಿಗೆ ಪೆಟ್ರೋಲ್ ಕುಡಿಸುವ ತಾಕತ್ತು ಸರ್ಕಾರಕ್ಕೆ ಉಂಟು, ಕಾಫಿ ಬೆಳೆಗಾರರಿಗೆ ಎಲ್ಲಿಂದ ಬರಬೇಕು?

ತೊಂದರೆ ಏನೆಂದರೆ, ವ್ಯಾಕರಣದಲ್ಲಿ ಒಂದು ಆದೇಶ ಅಲ್ಲಿಗೇ ಮುಗಿಯುತ್ತದೆ, ಜೀಪಿನಲ್ಲಿ ಮುಗಿಯುವುದಿಲ್ಲ. ಡೀಸೆಲ್ ಎಂಜಿನ್ ಭಾರ, ಹಾಗಾಗಿ ಮುಂದಿನ ಪಟ್ಟಿ ಕುಸಿಯುತ್ತದೆ. ಹೊಸ ಪಟ್ಟಿ ಬೇಕು. ಎಂಜಿನ್ ಮತ್ತು ಹಳೆಯ ಗೇರ್‌ಬಾಕ್ಸಿನ ಬೋಲ್ಟುಗಳು ಒಂದಕ್ಕೊಂದು ಮುಖ ಕೊಡುವುದಿಲ್ಲ, ನಡುವೆ ಅಡಾಪ್ಟರ್ ಪ್ಲೇಟು ಬೇಕು. ಪ್ಲೇಟು ಬಂದರೆ ಡೀಸೆಲ್ಲಿನ ಒದೆತಕ್ಕೆ ಮುದಿ ಗೇರಿನ ಹಲ್ಲು ಉದುರುತ್ತವೆ. ಗೇರ್‌ಬಾಕ್ಸು ಬದಲಿಸಿದರೆ ಶಾಫ್ಟಿನ ಉದ್ದ ತಪ್ಪುತ್ತದೆ. ಡೀಸೆಲ್ ನಿಧಾನ ಸುತ್ತುವ ಯಂತ್ರವಾದ್ದರಿಂದ 5.38ರ ಆಕ್ಸಲ್ ಇಟ್ಟುಕೊಂಡು ಹಾಸನ ಮುಟ್ಟುವಷ್ಟರಲ್ಲಿ ಕಿವಿ ಹೋಗಿರುತ್ತದೆ. ಕ್ರೌನ್ ಪಿನಿಯನ್ ಬದಲಿಸುವುದಾದರೆ ಮುಂದಿನದು, ಹಿಂದಿನದು ಎರಡನ್ನೂ ಒಂದೇ ಅನುಪಾತಕ್ಕೆ ತರಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದಾಗ ಮುಂದಿನ ಗಾಲಿ ಹಿಂದಿನದರ ಜೊತೆ ಜಗಳಕ್ಕೆ ನಿಲ್ಲುತ್ತದೆ. ಹೀಗೆ ಎಂಜಿನ್ ಒಂದರಿಂದ ಶುರುವಾದದ್ದು ಎರಡು ವರ್ಷದಲ್ಲಿ ನಂಬರ್ ಪ್ಲೇಟಿನವರೆಗೆ ಬರುತ್ತದೆ.

ಇಲ್ಲಿ ಪೂರ್ವಪಕ್ಷ ಎದ್ದೇಳುತ್ತದೆ: ಎಲ್ಲವೂ ಬದಲಾದ ಮೇಲೆ ಉಳಿದದ್ದು ಜೀಪು ಹೌದೇ? ಈ ಪ್ರಶ್ನೆಯನ್ನು 'ಮಿಲಿಂದ ಪ್ರಶ್ನೆ'ಯ ನಾಗಸೇನ ಭಿಕ್ಷು ರಥವನ್ನು ಮುಂದಿಟ್ಟುಕೊಂಡು ಕೇಳಿಬಿಟ್ಟಿದ್ದಾನೆ. ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಒಂದೊಂದಾಗಿ ಕೇಳಿ, ಯವನ ದೊರೆ ಮಿಲಿಂದ ಎಲ್ಲಕ್ಕೂ ಅಲ್ಲವೆಂದಾಗ, ಹಾಗಾದರೆ ರಥವೆಂಬುದು ಬರೀ ಹೆಸರು ಎಂಬಲ್ಲಿಗೆ ತಂದು ನಿಲ್ಲಿಸುತ್ತಾನೆ. ಭಾರತದ ಮೋಟಾರು ವಾಹನ ಕಾಯ್ದೆ ನಾಗಸೇನನನ್ನು ಒಪ್ಪುವುದಿಲ್ಲ. ಅದರ 52ನೆಯ ಕಲಮಿನ ದರ್ಶನದಲ್ಲಿ ವಾಹನಕ್ಕೆ ಆತ್ಮವುಂಟು. ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕೆ ಹೊಂದದಂತೆ ಅದನ್ನು ಮಾರ್ಪಡಿಸಕೂಡದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಆತ್ಮದ ವಾಸಸ್ಥಾನ ಚಾಸಿ ನಂಬರು, ಅದಕ್ಕೆ ಪ್ರಮಾಣ ಆರ್‌ಸಿ ಪುಸ್ತಕ. ಆ ಪುಸ್ತಕಕ್ಕೆ ಏರದ ಎಂಜಿನ್ ನಂಬರು ಎಷ್ಟೇ ಸೊಗಸಾಗಿ ಗುಡುಗಿದರೂ ಅಪಶಬ್ದ.

ಸಂಧಿಯೇ ಆಗದೆ ಪದಗಳು ಇದ್ದಂತೆಯೇ ಉಳಿದರೆ ವೈಯಾಕರಣರು ಅದನ್ನು ಪ್ರಕೃತಿಭಾವ ಎನ್ನುತ್ತಾರೆ. ಜೀಪುಲೋಕದಲ್ಲೂ ಈ ಪಂಥದವರಿದ್ದಾರೆ. ಒಂದು ಮೂಲ ಕಾರ್ಬೊರೇಟರಿಗಾಗಿ ಶಿವಾಜಿನಗರದ ಗುಜರಿಗಳನ್ನು ತಿಂಗಳುಗಟ್ಟಲೆ ಜಾಲಾಡುವವರು, ಹನ್ನೆರಡು ವೋಲ್ಟೆಂದರೆ ಮೈಲಿಗೆ ಎಂಬಂತೆ ಆರೇ ವೋಲ್ಟಿನ ಮಿಣುಕುದೀಪದಲ್ಲಿ ರಾತ್ರಿ ದಾರಿ ಹುಡುಕುವವರು. ಇವರಿಗೆ ಸರ್ಕಾರವೂ 2021ರ ಜುಲೈನಲ್ಲಿ ಮರ್ಯಾದೆ ಮಾಡಿತು: 50 ವರ್ಷ ದಾಟಿ ಮೂಲರೂಪದಲ್ಲಿರುವ ವಾಹನಕ್ಕೆ 20,000 ರೂಪಾಯಿ ಕಟ್ಟಿದರೆ 'ವಿಎ' ಅಕ್ಷರವುಳ್ಳ ಫಲಕ. ಆದರೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. ಮಂಡಲಪಟ್ಟಿಗೂ ಕೊಡಚಾದ್ರಿಗೂ ಪ್ರವಾಸಿಗರನ್ನು ಕುಲುಕಿಸುತ್ತ ಹತ್ತುವ ಜೀಪುಗಳಿಗೆ ಆ ಪದವಿ ದಕ್ಕುವಂಥದ್ದಲ್ಲ. ಈ ಪ್ರಬಂಧಕಾರನ ಪಕ್ಷಪಾತ ದಿನಾ ದುಡಿಯುವ ಆ ಅಶುದ್ಧಪ್ರಯೋಗಗಳ ಕಡೆಗೇ.

ಉಳಿದದ್ದು ನಿತ್ಯಕರ್ಮ. ಬೆನ್ನ ಮೇಲೆ ಮಲಗಿ, ಮುಖಕ್ಕೆ ಎಣ್ಣೆ ತೊಟ್ಟಿಕ್ಕಿಸಿಕೊಂಡು ಅಧ್ಯಯನ ಮಾಡಬೇಕಾದ ಶಾಸ್ತ್ರ ಇದೊಂದೇ. ಬಿಸಿಯಾದ ಆಕ್ಸಲ್ ಹೌಸಿಂಗು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲುಗಳ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಮಳೆಗಾಲ ಮುಗಿದ ಮೇಲೆ ಅಡಿಯ ಪ್ಲಗ್ ಬಿಚ್ಚಿದರೆ ಬೀಳುವ ಗೇರ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣದ್ದು; ಚಿಕ್ಕಮಗಳೂರಿನಲ್ಲೂ ಅದನ್ನು ಯಾರೂ ಕುಡಿಯುವುದಿಲ್ಲ. ಡ್ರಮ್ ಬ್ರೇಕು ನೆನೆದರೆ ಹಿಡಿಯುವುದಿಲ್ಲವಾಗಿ, ಹಳ್ಳ ದಾಟಿದ ಕೂಡಲೆ ಪೆಡಲನ್ನು ಹಗುರಾಗಿ ಒತ್ತುತ್ತ ನಾಲ್ಕು ಮಾರು ಓಡಿಸಿ ಒಣಗಿಸಬೇಕು. ಒಣ ಟಾರಿನ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಿದವರಿಗೆ ಲಿವರು ಕೈಗೇ ಬಾರದಂತೆ ಬಿಗಿದುಕೊಳ್ಳುತ್ತದೆ, ಮುಂದಿನ ಹಿಂದಿನ ಆಕ್ಸಲ್ಲುಗಳ ನಡುವೆ ಡಿಫರೆನ್ಶಿಯಲ್ ಇಲ್ಲವಲ್ಲ. ನಾಲ್ಕಡಿ ಹಿಂದಕ್ಕೆ ತೆಗೆದರೆ ಸಡಿಲವಾಗುತ್ತದೆ.

ಇಷ್ಟೆಲ್ಲ ಓದಿಯೂ ಹಳೆಯ ಜೀಪು ಕೊಳ್ಳುವ ಮನಸ್ಸಾದವರು ಬಣ್ಣ, ಟೈರು, ದೀಪಗಳಿಗೆ ಮರುಳಾಗುವ ಮುಂಚೆ ಚಾಸಿಯ ಮೇಲಿನ ಗ್ರೀಸು ಒರೆಸಿ, ಕೊರೆದ ನಂಬರನ್ನು ಬೆರಳಿಟ್ಟು ಸವರಿ, ಆರ್‌ಸಿ ಪುಸ್ತಕದ ಜೊತೆ ಒಂದೊಂದೇ ಅಂಕಿ ತಾಳೆ ನೋಡಿಕೊಳ್ಳಿ. ಹಾಗೆಯೇ ಸೀಟಿನ ಕೆಳಗೆ ಹ್ಯಾಂಡ್‌ಬ್ರೇಕಿನ ಕಲ್ಲು ಇದೆಯೇ ಎಂದೂ.