ವಾಲ್ವಾಚಾರ್ಯರು

ಶಿವಮೊಗ್ಗೆಯ ಆಟೋ ಕಾಂಪ್ಲೆಕ್ಸಿನಲ್ಲಿ, ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತಿರುವ ಮೇಸ್ತ್ರಿಗೆ, ಸಿಲಿಂಡರಿನೊಳಕ್ಕೆ ಗಾಳಿಯು ಪ್ರವೇಶಿಸುವ ಸೂಕ್ಷ್ಮಗಳನ್ನು ಪ್ರಾಣಾಯಾಮ ಬೋಧಿಸುವ ಗುರುವಿನ ಗಾಂಭೀರ್ಯದಿಂದ ವಿವರಿಸುತ್ತ, ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರನ್ನೂ ಕಂಕುಳಲ್ಲಿ ಕೊಡೆಯನ್ನೂ ಧರಿಸಿ ನಿಂತಿರುವ ಮಹನೀಯರು ಕಂಡುಬಂದಲ್ಲಿ, ಅವರೇ ಭದ್ರಾವತಿಯ ವಾಲ್ವಾಚಾರ್ಯರೆಂದು ತಿಳಿಯತಕ್ಕದ್ದು.

ಅವರಲ್ಲಿ 1298 ಸಿಸಿಯ ಹಳೆಯ ಜಿಪ್ಸಿ ಜೀಪೊಂದುಂಟು. ಅದರ ಇಂಜಿನ್ನಿನ 8 ವಾಲ್ವಿನ ಸಿಲಿಂಡರ್ ಹೆಡ್ಡನ್ನು ಬಿಚ್ಚಿಸಿ, ಎಸ್ಟೀಮ್ ಕಾರಿನ 16 ವಾಲ್ವಿನದನ್ನು ಕೂರಿಸಬೇಕೆಂಬುದು ಆಚಾರ್ಯರ ಸಂಕಲ್ಪ. ಬಿಚ್ಚಿಸುವ ಭಾಗವು ಎಂದೋ ನೆರವೇರಿದೆ. ಬಾನೆಟ್ಟಿನ ಮೇಲೆ ಈಗ ಹಪ್ಪಳ ಒಣಗುತ್ತದೆ. "ಪಿಸ್ಟನ್ನೂ ಬದಲಾಯಿಸ್ಬೇಕು, ಕಾರ್ಬುರೇಟರೂ ಹೊಂದಲ್ಲ, ಇಡೀ ಇಂಜಿನ್ನೇ ತಂದುಬಿಡಿ ಸಾರ್" ಎಂದ ಮೇಸ್ತ್ರಿಯ ಮಾತು ಅವರಿಗೆ ಅರಸಿಕತೆಯ ಪರಮಾವಧಿಯಾಗಿ ತೋರಿತು. ಪೋರ್ಟನ್ನು ಅತಿಯಾಗಿ ಅಗಲಿಸಿದರೆ ಗಾಳಿಯ ವೇಗ ಕುಂದಿ, ಆಗುಂಬೆ ಘಾಟಿಯಂತಹ ಏರಿನಲ್ಲಿ ಬೇಕಾದ ಎಳೆತವೇ ಸೊರಗುವುದೆಂದೂ, ಹೆಡ್ಡಿನ ಮುಖವನ್ನು ಹೆಚ್ಚು ಸವೆಸಿದರೆ ಕಂಪ್ರೆಷನ್ ಏರಿ ಇಂಜಿನ್ ಕುಟ್ಟತೊಡಗುವುದೆಂದೂ ಅವರು ಹೇಳುವುದೆಲ್ಲವೂ ಸತ್ಯ. ಆ ಸತ್ಯಗಳೆಲ್ಲ ಕೂಡಿ ಒಂದು ಕ್ರಯಕ್ಕೂ ಎಡೆಗೊಡವೆಂಬುದಷ್ಟೇ ನನ್ನ ಆಕ್ಷೇಪ.

ಮನೆಯೊಳಗಿನ ವಿರೋಧಪಕ್ಷವೆಂದರೆ ಮಾವನವರು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ 1923ರಲ್ಲಿ ಇದ್ದಿಲಿನ ಊದುಕುಲುಮೆಯಿಂದ ಕಬ್ಬಿಣ ಹರಿಯತೊಡಗಿದ ಭದ್ರಾವತಿಯ ಕಾರ್ಖಾನೆಯಲ್ಲಿ, ಎರಕದ ಕೆಲಸಕ್ಕೇ ಆಯುಷ್ಯವನ್ನು ಸವೆಸಿ ನಿವೃತ್ತರಾದ ಆ ವೃದ್ಧರಿಗೆ ಕಬ್ಬಿಣವಲ್ಲದ್ದು ಲೋಹವೇ ಅಲ್ಲ. ಅಲ್ಯೂಮಿನಿಯಂ ಶಾಖವನ್ನು ಬೇಗ ಸಾಗಿಸುವುದರಿಂದ ಹೆಚ್ಚಿನ ಕಂಪ್ರೆಷನ್ನನ್ನು ತಾಳುವುದೆಂದು ಅಳಿಯಂದಿರು ಎಷ್ಟು ಪ್ರತಿಪಾದಿಸಿದರೂ, "ಅದು ಪಾತ್ರೆ ಕಣ್ರೀ, ಹೆಡ್ಡಲ್ಲ; ಕಾದ್ರೆ ಸೊಟ್ಟಗಾಗುತ್ತೆ" ಎಂಬುದೇ ಅವರ ಅಂತಿಮ ತೀರ್ಪು.

ಕಡೆಗೊಮ್ಮೆ ಗುಜರಿ ವ್ಯಾಪಾರಿಯೊಬ್ಬನು, ಕೇಳಿದ ಹೆಡ್ಡನ್ನು ಕೇಳಿದ ಬೆಲೆಗೇ ಮನೆಯ ಜಗುಲಿಗೆ ತಂದಿಳಿಸಿದಾಗ, ಆಚಾರ್ಯರ ಮುಖದಲ್ಲಿ ಮೂಡಿದ ಕಳವಳವನ್ನು ನೋಡಲಾಗದು. ಉಕ್ಕಿನ ಅಡಿಕೋಲಿಟ್ಟು ಬಾಗು ನೋಡಿದರು, ಇರಲಿಲ್ಲ. ವಾಲ್ವ್ ಸೀಟುಗಳಿಗೆ ಟಾರ್ಚು ಬಿಟ್ಟರು, ನಿರ್ದೋಷವಾಗಿದ್ದುವು. ಕೊನೆಗೆ ಒಂದು ವಾಲ್ವನ್ನು ಹಿಡಿದು ಅಲ್ಲಾಡಿಸಲು ಅದು ಗೈಡಿನಲ್ಲಿ ಕೂದಲೆಳೆಯಷ್ಟು ಅಲುಗಿದಂತಾಗಿ, ಮೃತ್ಯುಮುಖದಿಂದ ಪಾರಾದವರ ಉಲ್ಲಾಸದಿಂದ ಅವನಿಗೆ ಕಾಫಿ ಕೊಡಿಸಿ ಬೀಳ್ಕೊಟ್ಟರು.

"ಹಾಗಾದ್ರೆ ತೀರ್ಥಹಳ್ಳಿ ಮದುವೆಗೂ ಬಸ್ಸೇನಾ?" ಎಂದು ಹೆಂಡತಿ ಒಳಗಿನಿಂದ ಕೇಳಿದರು.

"ಬಸ್ಸಿನ ಹೆಡ್ಡು ಎರಕದ ಕಬ್ಬಿಣ ಕಣೇ, ನಿಧಾನವಾದ್ರೂ ನಂಬಬಹುದು" ಎಂದರು ಆಚಾರ್ಯರು. ಮಾವನವರು ಅಂದು ಮೊದಲಬಾರಿಗೆ ಅಳಿಯಂದಿರ ವಿದ್ವತ್ತನ್ನು ಮೆಚ್ಚಿ ತಲೆದೂಗಿದರಂತೆ.