ಬಿ27 ರಾಯರು

ರಕ್ತಪರೀಕ್ಷೆಯ ಒಂದೇ ಒಂದು ಸಾಲನ್ನು ಬಿರುದಿನಂತೆ ಹೊತ್ತು ತಿರುಗುವವರನ್ನು ಬಿ27 ರಾಯರು ಎನ್ನಬಹುದು. ವಯಸ್ಸು ನಲವತ್ತರ ಆಸುಪಾಸು. ಲ್ಯಾಮಿನೇಷನ್ ಮಾಡಿಸಿದ ರಿಪೋರ್ಟು ಸದಾ ಬ್ಯಾಗಿನಲ್ಲಿರುತ್ತದೆ; ಕೇಳದವರಿಗೂ ತೋರಿಸಲಾಗುತ್ತದೆ.

ಆ ಸಾಲಿನಲ್ಲಿರುವುದು ಎಚ್‌ಎಲ್‌ಎ-ಬಿ27. ಆರನೆಯ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ ವಂಶವಾಹಿಗಳಿಂದ ತಯಾರಾಗುವ ಅಣುಗಳು ಜೀವಕೋಶದೊಳಗಿನ ಪ್ರೋಟೀನಿನ ಚೂರುಗಳನ್ನು ಹೊರಮೈಗೆ ತಂದು ರೋಗನಿರೋಧಕ ಕೋಶಗಳ ಮುಂದೆ ಹಿಡಿಯುತ್ತವೆ. ಮನುಷ್ಯರಲ್ಲಿ ಇಷ್ಟೊಂದು ಬಗೆಗಳಿರುವ ವಂಶವಾಹಿಗಳು ಬೇರೆ ಇಲ್ಲ. ಬಿ27 ಎಂಬ ಬಗೆಗೂ ಬೆನ್ನುಮೂಳೆ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ಗೂ ಇರುವ ನಂಟನ್ನು 1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲೀಸ್‌ನ ತಂಡಗಳು ಬೇರೆಬೇರೆಯಾಗಿ ಪ್ರಕಟಿಸಿದವು. ಯುರೋಪ್ ಮೂಲದ ರೋಗಿಗಳಲ್ಲಿ ಸುಮಾರು ಶೇ. 90 ಮಂದಿಯಲ್ಲಿ ಅದು ಕಾಣುತ್ತದೆ. ರಾಯರು ಓದಿರುವುದು ಇಲ್ಲಿಯವರೆಗೆ ಮಾತ್ರ. ಬಿ27 ಇರುವವರಲ್ಲಿ ಬಹುಪಾಲು ಮಂದಿಗೆ ಆ ಕಾಯಿಲೆ ಜನ್ಮವಿಡೀ ಬರುವುದೇ ಇಲ್ಲ ಎಂಬುದು ಮುಂದಿನ ಸಾಲಿನಲ್ಲಿತ್ತು.

ಈ ವರ್ಗದ ಮುಖ್ಯ ಲಕ್ಷಣವೆಂದರೆ ಸ್ವಂತ ರೋಗನಿರ್ಣಯವನ್ನು ಬಂಧುಬಳಗಕ್ಕೆಲ್ಲ ಹಂಚುವುದು. ಬಸವನಗುಡಿಯ ಒಂದು ಮದುವೆಯ ಪಂಕ್ತಿಯಲ್ಲಿ ಇಂಥವರೊಬ್ಬರು ಅಕ್ಕನ ಮಗನನ್ನು ಹಿಡಿದರು.

“ಬೆಳಿಗ್ಗೆ ಎದ್ದಾಗ ಬೆನ್ನು ಹಿಡ್ಕೊಳ್ಳುತ್ತೇನೋ?”

“ಇಲ್ಲ ಮಾವ.”

“ಮತ್ತೆ ಕಣ್ಣು ಯಾಕೆ ಕೆಂಪಗಿದೆ?”

“ಹೋಮದ ಹೊಗೆ ಮಾವ.”

“ನಾನೂ ಹಾಗೇ ಅಂದ್ಕೊಂಡಿದ್ದೆ. ಕಣ್ಣೊಳಗಿನ ಉರಿಯೂತ, ಯೂವಿಯೈಟಿಸ್ ಅಂದ್ರು! ನಮ್ಮ ವಂಶದ್ದು ಕಣೋ ಇದು. ನಿಮ್ಮ ತಾತನ ಬೆನ್ನು ಬಾಗಿದ್ದು ಯಾತರಿಂದ ಅಂತೀಯ?”

ತಾತ ಆಯುಷ್ಯಪೂರ್ತಿ ಶ್ಯಾನುಭೋಗಿಕೆಯ ಲೆಕ್ಕದ ಪುಸ್ತಕಗಳ ಮೇಲೆ ಬಗ್ಗಿ ಕೂತವರು. ಆ ಸಾಧ್ಯತೆಯನ್ನು ರಾಯರು ಪರಿಗಣಿಸಲಿಲ್ಲ. ಅಷ್ಟರಲ್ಲಿ ಹೋಳಿಗೆಯವರು ಎರಡು ಸಲ ಬಂದು ಹೋಗಿದ್ದರು. ಮೊಬೈಲಿನಲ್ಲಿ ಎಕ್ಸ್-ರೇ ನೋಡುವ ದಾಕ್ಷಿಣ್ಯಕ್ಕೆ ಸಿಕ್ಕ ಪಕ್ಕದೆಲೆಯವರಿಗೂ ಹೋಳಿಗೆ ತಪ್ಪಿತೆಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಉಪಜಾತಿಗಳೂ ಇವೆ. ಡಿಕ್ಯೂ2 ಎಂಬ ಇನ್ನೊಂದು ಎಚ್‌ಎಲ್‌ಎ ಬಗೆ ತಮಗಿದೆಯೆಂದು ತಿಳಿದ ದಿನದಿಂದ ಚಪಾತಿ ಬಿಟ್ಟವರು ಒಂದು ಬಗೆ. ಗೋಧಿಯ ಗ್ಲುಟೆನ್‌ನಿಂದ ಕೆರಳುವ ಸೀಲಿಯಾಕ್ ಕಾಯಿಲೆಗೆ ಡಿಕ್ಯೂ2 ಅಥವಾ ಡಿಕ್ಯೂ8 ಬೇಕೆಂಬುದು ನಿಜ; ಆದರೆ ಅವನ್ನು ಹೊತ್ತವರಲ್ಲಿ ಹೆಚ್ಚಿನವರು ನಿಶ್ಚಿಂತೆಯಿಂದ ಪೂರಿ ತಿನ್ನುತ್ತಿರುತ್ತಾರೆ. ಡಿಆರ್‌ಬಿ1 ಬಗೆಯವರು ಸಂಧಿವಾತಕ್ಕೆ ಅಜ್ಜಿಯನ್ನು ದೂರುತ್ತಲೇ ಸಿಗರೇಟು ಹಚ್ಚುತ್ತಾರೆ. ಆ ವಂಶವಾಹಿಯ ಕೆಲವು ಬಗೆಗಳಿಗೆ ಹೊಗೆಯೂ ಸೇರಿದರೆ ಅಪಾಯ ಹೆಚ್ಚು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಈ ಸಂಧಿವಾತ ಬಂದರೂ ಇನ್ನೊಬ್ಬರು ಬಹುತೇಕ ಪಾರಾಗುತ್ತಾರೆ. ಪಾಪ, ಅಜ್ಜಿಯ ಪಾಲು ಅಷ್ಟೇ.

ಬಿ27 ರಾಯರ ನೋವು ಮಾತ್ರ ಸುಳ್ಳಲ್ಲ. ಮಲಗಿದರೆ ಹೆಚ್ಚಿ, ನಡೆದಾಡಿದರೆ ಇಳಿಯುವ ವಿಚಿತ್ರ ನೋವು ಅದು. ಸೊಂಟದ ಕೀಲಿನ ಮೊದಲ ಉರಿಯೂತ ಎಕ್ಸ್-ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐ ಬೇಕು. ಹಾಗಾಗಿ ಕಾಯಿಲೆಗೆ ಹೆಸರು ಸಿಗುವುದರೊಳಗೆ ಎಷ್ಟೋ ಸಲ ವರ್ಷಗಳೇ ಉರುಳಿರುತ್ತವೆ. ಅಷ್ಟು ಕಾಲ ಮನೆಯಲ್ಲಿ ಸೋಮಾರಿ, ಆಫೀಸಿನಲ್ಲಿ ನೆಪಗಾರ ಅನ್ನಿಸಿಕೊಂಡವರ ಮಾತನ್ನು ಮೊದಲು ನಂಬಿದ್ದು ಆ ಕಾಗದ. ಲ್ಯಾಮಿನೇಷನ್ ಮಾಡಿಸಿದ್ದರಲ್ಲಿ ತಪ್ಪೇನಿದೆ?

ಮಕ್ಕಳಿಗೆ ಬಿ27 ದಾಟುವ ಸಾಧ್ಯತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ದಾಟಿದರೂ ಅದು ಕಾಯಿಲೆಯಲ್ಲವಾದ್ದರಿಂದ, ಲಕ್ಷಣವಿಲ್ಲದ ನೆಂಟರಿಷ್ಟರಿಗೆ ವೈದ್ಯರು ಸಾಮಾನ್ಯವಾಗಿ ಪರೀಕ್ಷೆ ಬರೆಯುವುದಿಲ್ಲ. ಕಾಯಿಲೆ ಬಂದವರಿಗೆ ವ್ಯಾಯಾಮ, ಉರಿಯೂತ ತಗ್ಗಿಸುವ ಮಾತ್ರೆ. ಅವು ಸಾಲದಿದ್ದರೆ ಉರಿಯೂತ ಕೆರಳಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಇಂಜೆಕ್ಷನ್. ರಾಯರು ಬೆಳಗಿನ ವಾಕಿಂಗನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಪಾರ್ಕಿನಲ್ಲಿ ಅವರ ಜೊತೆ ನಡೆಯುವವರು ಮಾತ್ರ ಆಗಾಗ ಬದಲಾಗುತ್ತಿರುತ್ತಾರೆ.